‘ಈ ಮಕ್ಕಳನ್ನು ಯಾರಾದರೂ ಸಾಕ್ತೀರಾ?’ ಎಂಬ ಫಾರ್ವರ್ಡ್ ಬಂದಾಗ: ಪೋಷಕತ್ವ ಎಂದರೇನು, ಏನಲ್ಲ

ದೊಡ್ಡನೆಕ್ಕುಂದಿಯ ಒಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಒಂದು ಶನಿವಾರ ಬೆಳಿಗ್ಗೆ ಇಬ್ಬರು ಮಕ್ಕಳ ಫೋಟೋ ಬಂತು. ಒಂಬತ್ತು ವರ್ಷದ ಹುಡುಗ, ಅವನ ಕೈ ಹಿಡಿದು ನಿಂತಿರುವ ನಾಲ್ಕು ವರ್ಷದ ತಂಗಿ. ಹಿಂದೆ ತಗಡಿನ ಶೆಡ್ಡು. ಕೆಳಗೆ ಹೀಗೆ ಬರೆದಿತ್ತು: ಈ ಮಕ್ಕಳಿಗೆ ಅಪ್ಪ ಇಲ್ಲ, ಅಮ್ಮ ಆಸ್ಪತ್ರೆಯಲ್ಲಿದ್ದಾರೆ, ಸ್ಥಿತಿ ಗಂಭೀರ, ದೊಡ್ಡ ಮನಸ್ಸಿನವರು ಯಾರಾದರೂ ಸಾಕುವುದಾದರೆ ಈ ನಂಬರಿಗೆ ಕರೆ ಮಾಡಿ.

ನಮ್ಮ ತಂಡದವರೊಬ್ಬರು ಅದೇ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಅವರು ಸಂದೇಶವನ್ನು ನಮಗೆ ಕಳಿಸಿ ಸುಳ್ಳೋ ನಿಜವೋ ನೋಡಿ ಎಂದರು. ನಾವು ವಿಚಾರಿಸಲು ಶುರು ಮಾಡುವಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಅದೇ ಫೋಟೋ ಇನ್ನೂ ಮೂರು ಗುಂಪುಗಳಿಂದ ನಮ್ಮ ಫೋನಿಗೆ ಬಂದಿತ್ತು. ಮೂರನೆಯದರಲ್ಲಿ ಅಮ್ಮ ಸತ್ತು ಹೋಗಿದ್ದರು. ‘ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಅನಾಥ ಮಕ್ಕಳು’ ಎಂದಿತ್ತು.

ಅಮ್ಮ ಸತ್ತಿರಲಿಲ್ಲ. ಕೆಲಸ ಮುಗಿಸಿ ರಿಂಗ್ ರೋಡಿನ ಸರ್ವಿಸ್ ರಸ್ತೆ ದಾಟುವಾಗ ಬೈಕ್ ಬಡಿದು ಅವರ ಕಾಲು ಮುರಿದಿತ್ತು. ಆಪರೇಷನ್ ಆಗಿ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿದ್ದರು. ಮಕ್ಕಳನ್ನು ಪಕ್ಕದ ಶೆಡ್ಡಿನವರ ಬಳಿ ಬಿಟ್ಟಿದ್ದರು. ಯಾರೋ ಒಳ್ಳೆಯ ಮನಸ್ಸಿನಿಂದಲೇ ಫೋಟೋ ತೆಗೆದು ಹಾಕಿದ್ದರು. ಫೋನಿನಲ್ಲಿ ಮಾತಾಡಿದಾಗ ಆ ತಾಯಿ ನಮ್ಮವರಿಗೆ ಹೇಳಿದ್ದು ಇಷ್ಟೇ: “ನಾ ಇನ್ನೂ ಅದೀನಲ್ರೀ ಅಕ್ಕಾರ. ನನ್ನ ಮಕ್ಕಳನ್ನ ಯಾರಿಗ್ ಕೊಡ್ತಾರಂತ?”

(ಮಕ್ಕಳ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇವೆ. ಏಕೆಂದು ಮುಂದೆ ಗೊತ್ತಾಗುತ್ತದೆ.)

ಅಷ್ಟರಲ್ಲಿ ಗುಂಪಿನಲ್ಲಿ ಹತ್ತಾರು ಮಂದಿ ಕೈಮುಗಿದ ಚಿಹ್ನೆ ಹಾಕಿದ್ದರು, ಕೆಲವರು ಬಟ್ಟೆ ಕೊಡುತ್ತೇವೆ ಎಂದಿದ್ದರು. ಒಂದು ದಂಪತಿ ಮಾತ್ರ ಗಂಭೀರವಾಗಿ ಕೇಳಿತ್ತು. ಆಕೆಗೆ 31, ಅವರಿಗೆ 34, ಇಬ್ಬರೂ ಐಟಿ ಕೆಲಸದಲ್ಲಿದ್ದಾರೆ. “ದತ್ತು ಅಲ್ಲ, ಸದ್ಯಕ್ಕೆ ಫಾಸ್ಟರ್ ಪೇರೆಂಟ್ ಆಗಿ ಚಿಕ್ಕವಳನ್ನು ನಾವು ನೋಡಿಕೊಳ್ಳಬಹುದಾ?” ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುತ್ತಾ ಹೋದಾಗ ನಮಗೂ ಗೊತ್ತಿರದ ಹಲವು ಸಂಗತಿಗಳು ಸಿಕ್ಕವು.

ಹಳೆಯ ಫಾರ್ವರ್ಡಿನ ಹೊಸ ರೂಪ

ಇಂಥ ಸಂದೇಶ ಹೊಸದೇನಲ್ಲ. 2021ರ ಏಪ್ರಿಲ್–ಮೇನಲ್ಲಿ, ಕೋವಿಡ್ ಎರಡನೇ ಅಲೆಯ ನಡುವೆ, ಮೂರು ದಿನದ ಒಂದು ಹೆಣ್ಣುಮಗು ಮತ್ತು ಆರು ತಿಂಗಳ ಇನ್ನೊಂದು ಮಗು ತಂದೆ ತಾಯಿಯನ್ನು ಕಳೆದುಕೊಂಡಿವೆ, ದತ್ತು ಬೇಕಾದವರು ಕರೆ ಮಾಡಿ ಎಂಬ ಸಂದೇಶ ದೇಶದ ತುಂಬ ಓಡಾಡಿತ್ತು. ನಿಮಗೂ ಬಂದಿರಬಹುದು. ಆಗ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಇಂಥ ಸಂದೇಶಗಳನ್ನು ನಂಬಬೇಡಿ, ಹಂಚಬೇಡಿ ಎಂದು ಎಚ್ಚರಿಸಿತು. ಅದೇ ವರ್ಷ ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ಕೋವಿಡ್‌ನಿಂದ ಅನಾಥರಾದ ಮಕ್ಕಳನ್ನು ಕಾನೂನು ಮೀರಿ ದತ್ತು ಕೊಡುವ ವ್ಯಕ್ತಿಗಳ, ಸಂಸ್ಥೆಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಸೂಚಿಸಿತು.

2024ರ ಮಾರ್ಚ್‌ನಲ್ಲಿ ರೀಲ್ಸ್‌ನಿಂದ ಹೆಸರಾದ ಯುವತಿಯೊಬ್ಬರು ರಾಯಚೂರು ಜಿಲ್ಲೆಯ ಹೆಣ್ಣುಮಗುವೊಂದನ್ನು ಮನೆಗೆ ಕರೆತಂದು ವಿಡಿಯೋ ಹಾಕಿದ್ದು, ಬೆಂಗಳೂರು ಪೊಲೀಸರು ಅವರನ್ನು ಬಂಧಿಸಿದ್ದು ಹಲವರಿಗೆ ನೆನಪಿರಬಹುದು. ಆ ಪ್ರಕರಣದ ಸರಿ ತಪ್ಪು ನ್ಯಾಯಾಲಯಕ್ಕೆ ಸೇರಿದ್ದು, ನಮಗಲ್ಲ. ಆದರೆ ಆಗ ಕಾಮೆಂಟುಗಳಲ್ಲಿ ಸಾವಿರಾರು ಜನ ಕೇಳಿದ ಪ್ರಶ್ನೆ ಒಂದೇ: ‘ಬಡ ಮಗುವನ್ನು ಸಾಕುವುದೂ ತಪ್ಪಾ?’

ಸಾಕುವುದು ತಪ್ಪಲ್ಲ. ಯಾರನ್ನೂ ಕೇಳದೆ, ಯಾರ ಕಣ್ಣಿಗೂ ಬೀಳದೆ ಸಾಕುವುದರಲ್ಲಿದೆ ತೊಂದರೆ. ಮಗು ನಿಜಕ್ಕೂ ಅನಾಥವೇ, ಎಲ್ಲಿಂದಲೋ ಕದ್ದು ತಂದದ್ದೇ, ಮಾರಾಟಕ್ಕೆ ಬಂದದ್ದೇ, ಅಮ್ಮ ಆಸ್ಪತ್ರೆಯಿಂದ ಹುಡುಕಿಕೊಂಡು ಬರುತ್ತಾಳೆಯೇ ಎಂದು ಫಾರ್ವರ್ಡ್ ನೋಡಿ ಯಾರಿಗೂ ತಿಳಿಯುವುದಿಲ್ಲ. ಅದನ್ನು ತಿಳಿಯಲೆಂದೇ ಪ್ರತಿ ಜಿಲ್ಲೆಯಲ್ಲಿ ಮಕ್ಕಳ ಕಲ್ಯಾಣ ಸಮಿತಿ ಇದೆ.

ಯಶೋದೆ ಮತ್ತು ರಾಧೆ

ನಮ್ಮ ಭಾಷೆಯಲ್ಲಿ ಗೊಂದಲ ಶುರುವಾಗುವುದು ‘ಸಾಕು’ ಎಂಬ ಮಾತಿನಿಂದಲೇ. ಸಾಕುತಾಯಿ, ಸಾಕುಮಗ ಎಂದರೆ ಹಳ್ಳಿಗಳಲ್ಲಿ ದತ್ತು ಎಂದೂ ಆಗಬಹುದು, ಊಟ ಹಾಕಿ ಬೆಳೆಸಿದವರು ಎಂದೂ ಆಗಬಹುದು. ಕಾನೂನಿನಲ್ಲಿ ಇವೆರಡೂ ಬೇರೆ ಬೇರೆ. ದತ್ತು ಒಂದು, ಪೋಷಕತ್ವ ಇನ್ನೊಂದು. ಇಂಗ್ಲಿಷಿನ ಫಾಸ್ಟರ್ ಕೇರ್‌ಗೆ ನಮ್ಮ ಸರ್ಕಾರಿ ಕಡತಗಳಲ್ಲಿ ಬಳಸುವ ಮಾತು ಪೋಷಕತ್ವ.

ಪುರಾಣದಿಂದಲೇ ಉದಾಹರಣೆ ತೆಗೆದುಕೊಳ್ಳೋಣ. ನದಿಯಲ್ಲಿ ತೇಲಿಬಂದ ಕರ್ಣನನ್ನು ಅಧಿರಥ ಮತ್ತು ರಾಧೆ ಮಗನೆಂದೇ ಬೆಳೆಸಿದರು. ಅವನು ರಾಧೇಯನಾದ, ಹೆತ್ತವಳ ಬಳಿಗೆ ಮರಳಲಿಲ್ಲ. ಅದು ದತ್ತಿಗೆ ಹತ್ತಿರ. ಕೃಷ್ಣನ ಕತೆ ಹಾಗಲ್ಲ. ದೇವಕಿ ವಸುದೇವರು ಸೆರೆಯಲ್ಲಿದ್ದರು, ಮಗುವನ್ನು ಇಟ್ಟುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಯಶೋದೆ ಬೆಳೆಸಿದಳು, ಕಾಲ ಬಂದಾಗ ಹುಡುಗ ಮಥುರೆಗೆ ಹೋದ. ಯಶೋದೆಯದು ಪೋಷಕತ್ವ. (ಅವಳಿಗೆ ಮೊದಲೇ ಇದು ಗೊತ್ತಿರಲಿಲ್ಲ ಎನ್ನುವುದು ನಿಜ. ಈಗಿನ ಕಾನೂನು ಅಷ್ಟರಮಟ್ಟಿಗೆ ದಯಾಳು, ಮೊದಲೇ ಹೇಳಿ ಸಹಿ ಹಾಕಿಸಿಕೊಳ್ಳುತ್ತದೆ.)

ದತ್ತು ಆದರೆ ಮಗು ಶಾಶ್ವತವಾಗಿ ನಿಮ್ಮದು. ಹೆಸರು, ಆಸ್ತಿಯಲ್ಲಿ ಹಕ್ಕು, ಎಲ್ಲವೂ ಹೆತ್ತ ಮಕ್ಕಳಂತೆಯೇ. ಪೋಷಕತ್ವದಲ್ಲಿ ಮಗು ಇನ್ನೊಬ್ಬರದಾಗಿಯೇ ಉಳಿಯುತ್ತದೆ. ನಿಮ್ಮ ಆಸ್ತಿಯಲ್ಲಿ ಅದಕ್ಕೆ ತಾನಾಗಿಯೇ ಪಾಲು ಬರುವುದಿಲ್ಲ, ಮಗುವಿನ ಮೇಲೆ ನಿಮಗೂ ತಂದೆ ತಾಯಿಯ ಪೂರ್ಣ ಹಕ್ಕು ಬರುವುದಿಲ್ಲ. ನಿಮ್ಮ ಪಾಲಿಗೆ ಬರುವುದು ದಿನನಿತ್ಯದ ಹೊಣೆ. ಊಟ, ಶಾಲೆ, ಔಷಧಿ, ಪ್ರೀತಿ, ಮತ್ತು ಕೆಟ್ಟ ಕನಸು ಕಂಡು ಎದ್ದಾಗ ಪಕ್ಕದಲ್ಲಿ ಕೂರುವುದು.

ಇದಕ್ಕೆ ಆಧಾರ 2015ರ ಬಾಲ ನ್ಯಾಯ (ಮಕ್ಕಳ ಆರೈಕೆ ಮತ್ತು ರಕ್ಷಣೆ) ಕಾಯ್ದೆಯ 44ನೇ ಸೆಕ್ಷನ್. ಚಿಕ್ಕ ಸೆಕ್ಷನ್ನೇ, ಆದರೆ ಓದಿದರೆ ಇಡೀ ವಿಚಾರ ಸ್ಪಷ್ಟವಾಗುತ್ತದೆ. ಮಗುವನ್ನು ಪೋಷಕ ಕುಟುಂಬಕ್ಕೆ ಕೊಡುವ ಆದೇಶ ಹೊರಡಿಸುವುದು ಮಕ್ಕಳ ಕಲ್ಯಾಣ ಸಮಿತಿ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರುವ ಈ ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಒಡಹುಟ್ಟಿದವರನ್ನು ಒಟ್ಟಿಗೇ ಇಡಲು ಎಲ್ಲ ಪ್ರಯತ್ನ ಮಾಡಬೇಕು. ತಂದೆ ತಾಯಿ ಅಶಕ್ತರಾಗಿದ್ದಾರೆಂದು ಮಗುವನ್ನು ಬೇರೆ ಮನೆಯಲ್ಲಿ ಇರಿಸಿದ್ದರೆ, ಸಮಿತಿ ಬೇಡ ಎನ್ನದ ಹೊರತು ಅವರು ನಿಯಮಿತವಾಗಿ ಬಂದು ಮಗುವನ್ನು ನೋಡಬಹುದು. ಅವರು ಸುಧಾರಿಸಿಕೊಂಡರೆ ಮಗು ಅವರ ಮನೆಗೆ ಮರಳಬಹುದು. ಸಮಿತಿ ಪ್ರತಿ ತಿಂಗಳು ಪೋಷಕ ಕುಟುಂಬವನ್ನು ಪರಿಶೀಲಿಸಬೇಕು, ಆರೈಕೆಯಲ್ಲಿ ಕೊರತೆ ಕಂಡರೆ ಮಗುವನ್ನು ಅಲ್ಲಿಂದ ಕರೆದೊಯ್ಯಬೇಕು.

ಹಾಗಾದರೆ ದೊಡ್ಡನೆಕ್ಕುಂದಿಯ ಆ ದಂಪತಿಯ ಪ್ರಶ್ನೆ? ಒಂದೊಂದಾಗಿ ನೋಡಿದರೆ: ತಾಯಿ ಬದುಕಿದ್ದಾರೆ, ಮಕ್ಕಳು ಬೇಕು ಎನ್ನುತ್ತಿದ್ದಾರೆ. ಚಿಕ್ಕವಳನ್ನು ಮಾತ್ರ ಕರೆದೊಯ್ದರೆ ಅಣ್ಣ ತಂಗಿ ಬೇರೆಯಾಗುತ್ತಾರೆ. ಈಗಿನ ಮಾರ್ಗಸೂಚಿಯಲ್ಲಿ ಪೋಷಕತ್ವ ಇರುವುದು ಮುಖ್ಯವಾಗಿ 6 ವರ್ಷ ದಾಟಿದ ಮಕ್ಕಳಿಗೆ, ಅವಳಿಗೆ ನಾಲ್ಕು. ದಂಪತಿಯ ವಯಸ್ಸು ಕೂಡಿಸಿದರೆ 65, ಬೇಕಾದದ್ದು 70. ಎಲ್ಲಕ್ಕಿಂತ ಮೊದಲು, ಇದನ್ನು ಗುಂಪಿನ ಅಡ್ಮಿನ್ ತೀರ್ಮಾನಿಸಲು ಬರುವುದಿಲ್ಲ.

ಯಾರು ಆಗಬಹುದು?

ಗಂಡ ಹೆಂಡತಿ ಇದ್ದರೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಅದು ಹಳೆಯ ಮಾತು. ಕೇಂದ್ರ ಸರ್ಕಾರ 2024ರಲ್ಲಿ ಹೊರಡಿಸಿದ ಮಾದರಿ ಪೋಷಕತ್ವ ಮಾರ್ಗಸೂಚಿಯ ಪ್ರಕಾರ 35ರಿಂದ 60 ವರ್ಷದೊಳಗಿನ ಒಂಟಿ ವ್ಯಕ್ತಿಗಳೂ ಅರ್ಜಿ ಹಾಕಬಹುದು. ಮದುವೆಯಾಗದವರು, ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡವರು, ವಿಚ್ಛೇದನ ಪಡೆದವರು, ಕಾನೂನು ಪ್ರಕಾರ ಬೇರೆಯಾದವರು ಎಲ್ಲರೂ ಇದರಲ್ಲಿ ಸೇರುತ್ತಾರೆ. ಒಂಟಿ ಮಹಿಳೆ ಗಂಡುಮಗುವನ್ನೂ ಹೆಣ್ಣುಮಗುವನ್ನೂ ನೋಡಿಕೊಳ್ಳಬಹುದು. ಒಂಟಿ ಪುರುಷರಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ. ದಂಪತಿಯಾದರೆ ಮದುವೆಯಾಗಿ ಕನಿಷ್ಠ 2 ವರ್ಷ ಆಗಿರಬೇಕು, ಇಬ್ಬರೂ ಮನಸಾರೆ ಒಪ್ಪಿರಬೇಕು. ಒಬ್ಬರ ಆಸೆಗೆ ಇನ್ನೊಬ್ಬರು ತಲೆಯಾಡಿಸಿದರೆ ಮನೆ ಅಧ್ಯಯನಕ್ಕೆ ಬಂದವರಿಗೆ ಅದು ಗೊತ್ತಾಗಿಬಿಡುತ್ತದೆ.

ಮನೆ ಅಧ್ಯಯನ ಎಂದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮನೆಗೆ ಬಂದು ಮಾಡುವ ವಿಚಾರಣೆ. ದುಡಿಮೆ ಏನು, ಮನೆಯಲ್ಲಿ ಯಾರ್ಯಾರಿದ್ದಾರೆ, ಮಗು ಮಲಗುವುದೆಲ್ಲಿ, ಓದುವುದೆಲ್ಲಿ, ನಿಮ್ಮ ಸ್ವಂತ ಮಕ್ಕಳು ಇದಕ್ಕೆ ಏನನ್ನುತ್ತಾರೆ, ಮನೆಯಲ್ಲಿರುವ ಅತ್ತೆ ಮಾವ ಒಪ್ಪಿದ್ದಾರೆಯೇ. ಮನೆಯವರೆಲ್ಲರ ವೈದ್ಯಕೀಯ ವರದಿ ಬೇಕು, ಕ್ಷಯ, ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆಯೂ ಸೇರಿ. ಪೊಲೀಸ್ ಪರಿಶೀಲನೆ ಇರುತ್ತದೆ. ನಿಮ್ಮನ್ನು ಬಲ್ಲ ಇಬ್ಬರು ನಿಮ್ಮ ಬಗ್ಗೆ ಹೇಳಬೇಕು. ಜಾಗ ಸಾಕಷ್ಟಿರಬೇಕು ಎನ್ನುತ್ತದೆ ನಿಯಮ, ಸ್ವಂತ ಮನೆಯೇ ಆಗಬೇಕು ಎನ್ನುವುದಿಲ್ಲ. ಕೋಟಿ ರೂಪಾಯಿ ಫ್ಲಾಟ್ ಇದ್ದ ಮಾತ್ರಕ್ಕೆ ಯಾರೂ ಪಾಸಾಗುವುದಿಲ್ಲ. ಇಬ್ಬರೂ ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ಮುಚ್ಚುವವರಾದರೆ ಶಾಲೆ ಬಿಟ್ಟು ಬಂದ ಮಗುವಿಗೆ ಬಾಗಿಲು ತೆಗೆಯುವವರು ಯಾರು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಅರ್ಜಿ ಹಾಕುವುದು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ವೆಬ್‌ಸೈಟಿನಲ್ಲಿ. ಇದನ್ನು ಎಲ್ಲರೂ ‘ಕಾರಾ’ ಎನ್ನುತ್ತಾರೆ, ದತ್ತಿಗೂ ಇದೇ ತಾಣ. ಆನ್‌ಲೈನ್ ಬೇಡವೆನಿಸಿದರೆ ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೇ ಹೋಗಿ ಕೇಳಿ. ದೊಡ್ಡನೆಕ್ಕುಂದಿಯವರಿಗೆ ಅದು ಬೆಂಗಳೂರು ನಗರ ಜಿಲ್ಲೆಯ ಘಟಕ. ಮುಂದೆ ಮನೆ ಅಧ್ಯಯನದ ವರದಿ, ಮಗುವಿನ ಬಗ್ಗೆ ಬೇರೆ ವರದಿ, ಎರಡನ್ನೂ ಹೊಂದಿಸಿ ನೋಡುವುದು, ಮಗುವಿನ ಅಭಿಪ್ರಾಯ ಕೇಳುವುದು, ಕೊನೆಗೆ ಸಮಿತಿಯ ಆದೇಶ. ಬೇಗ ಆಗುವ ಕೆಲಸವಲ್ಲ. ‘ಏಜೆಂಟ್ ಮೂಲಕ ವಾರದಲ್ಲಿ ಮಾಡಿಸಿಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಅವರು ಮಾಡಿಸುತ್ತಿರುವುದು ಬೇರೇನೋ. ಇದರಲ್ಲಿ ಏಜೆಂಟರಿಗೆ ಜಾಗವೇ ಇಲ್ಲ.

‘ದತ್ತಿಗೆ ವರ್ಷಗಟ್ಟಲೆ ಕಾಯಬೇಕು, ಅದಕ್ಕೆ ಇದು ಶಾರ್ಟ್‌ಕಟ್’

ಇದು ನಮಗೆ ಅತಿ ಹೆಚ್ಚು ಬಂದ ಮಾತು, ಅತಿ ಹೆಚ್ಚು ತಪ್ಪಾದದ್ದೂ ಹೌದು. ದತ್ತು ಕೊಡಬಹುದು ಎಂದು ಸಮಿತಿ ಪರಿಗಣಿಸಿದ ಮಗುವನ್ನು ದೀರ್ಘಕಾಲದ ಪೋಷಕತ್ವಕ್ಕೆ ಕೊಡಬಾರದು ಎಂದು ಅದೇ 44ನೇ ಸೆಕ್ಷನ್ ಹೇಳುತ್ತದೆ. ಕಾರಣ ಸರಳ. ಶಾಶ್ವತ ಮನೆ ಸಿಗುವ ಮಗುವಿಗೆ ತಾತ್ಕಾಲಿಕ ಮನೆ ಏಕೆ?

ಹಾಗಾದರೆ ಪೋಷಕ ಕುಟುಂಬಕ್ಕೆ ಬರುವ ಮಕ್ಕಳು ಯಾರು? ಅಪ್ಪ ಜೈಲಿನಲ್ಲಿ, ಅಮ್ಮ ಮಾನಸಿಕ ಕಾಯಿಲೆಗೆ ಚಿಕಿತ್ಸೆಯಲ್ಲಿ ಇರುವವರು. ಮನೆಯಲ್ಲಿ ಹಿಂಸೆ ಇದ್ದು ಅಲ್ಲಿ ಬಿಡಲಾಗದವರು. ಬಾಲಮಂದಿರದಲ್ಲಿ ಬೆಳೆಯುತ್ತಿರುವ, ಯಾರೂ ನೋಡಲು ಬಾರದ ಹತ್ತು ಹನ್ನೆರಡು ವರ್ಷದವರು. ದತ್ತಿಗೆ ಅರ್ಹರಾದರೂ ವಯಸ್ಸಿನ ಕಾರಣಕ್ಕೋ ಅಂಗವೈಕಲ್ಯದ ಕಾರಣಕ್ಕೋ ಮನೆ ಸಿಗದವರು. ಹಸುಗೂಸು ಬೇಕು ಎಂಬ ಆಸೆಯಿಂದ ಈ ಸಾಲಿನಲ್ಲಿ ನಿಂತರೆ ನಿರಾಸೆ ಖಂಡಿತ. ಬೆಂಗಳೂರಿನಲ್ಲಿ ವಾತ್ಸಲ್ಯ ಚಾರಿಟೇಬಲ್ ಟ್ರಸ್ಟ್‌ನಂಥ ಸಂಸ್ಥೆಗಳು ದತ್ತು ಆಗುವ ತನಕ ಎಳೆಯ ಕೂಸುಗಳನ್ನು ಸಾಧಾರಣ ಮನೆಗಳ ತಾಯಂದಿರ ಬಳಿ ಇರಿಸಿ ನೋಡಿಕೊಂಡದ್ದುಂಟು. ಅಲ್ಲಿಯೂ ಆ ತಾಯಂದಿರು ಕೂಸನ್ನು ಬೆಳೆಸಿದ್ದು ಇನ್ನೊಂದು ಮನೆಗೆ ಕಳಿಸಲೆಂದೇ.

ಒಂದು ಬಾಗಿಲು ಮಾತ್ರ ತೆರೆದಿದೆ. ಮಗು ಪೋಷಕ ಕುಟುಂಬದಲ್ಲಿ ಕನಿಷ್ಠ 2 ವರ್ಷ ಇದ್ದು, ಕಾನೂನಿನ ಪ್ರಕಾರ ದತ್ತಿಗೆ ಮುಕ್ತವೆಂದು ಘೋಷಣೆಯಾಗಿದ್ದರೆ, ಅದೇ ಕುಟುಂಬ ದತ್ತು ಪಡೆಯಬಹುದು. ಮೊದಲು ಇದು 5 ವರ್ಷ ಇತ್ತು. ಆದರೆ ಇದನ್ನೇ ಲೆಕ್ಕ ಹಾಕಿಕೊಂಡು ಹೋಗುವವರಿಗೆ ನಮ್ಮ ಮಾತು ಇಷ್ಟೇ: ಆ 2 ವರ್ಷದಲ್ಲಿ ಹೆತ್ತ ತಾಯಿ ಚೇತರಿಸಿಕೊಂಡು ಬಂದರೆ ನಿಮಗೆ ಸಂತೋಷವಾಗಬೇಕು, ಬೇಸರವಾಗಬಾರದು. ಅದು ಸಾಧ್ಯವಿಲ್ಲ ಅನ್ನಿಸಿದರೆ ನೇರವಾಗಿ ದತ್ತಿಗೇ ಹೆಸರು ನೋಂದಾಯಿಸಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇನ್ನು, ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1956ರ ಪ್ರಕಾರ ಹೆತ್ತವರೇ ಮಗುವನ್ನು ನೇರವಾಗಿ ದತ್ತು ಕೊಡುವ ದಾರಿ ಈಗಲೂ ಇದೆಯಲ್ಲ ಎಂದು ಕೇಳುತ್ತಾರೆ. ಇದೆ. ಅದಕ್ಕೆ ಅದರದೇ ಷರತ್ತುಗಳಿವೆ, ಹಣದ ವ್ಯವಹಾರವನ್ನು ಅದೂ ನಿಷೇಧಿಸುತ್ತದೆ. ಅನಾಥ, ಪರಿತ್ಯಕ್ತ ಅಥವಾ ಹೆತ್ತವರು ಒಪ್ಪಿಸಿಹೋದ ಮಗುವನ್ನು ಬಾಲ ನ್ಯಾಯ ಕಾಯ್ದೆಯ ವಿಧಾನ ಬಿಟ್ಟು ದತ್ತಿಗೆ ಕೊಟ್ಟರೆ ಅಥವಾ ಪಡೆದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಮಗುವಿನ ಮಾರಾಟ ಅಥವಾ ಖರೀದಿಯಾದರೆ 5 ವರ್ಷದವರೆಗೆ ಕಠಿಣ ಶಿಕ್ಷೆ.

ದಿನನಿತ್ಯ ಹೇಗಿರುತ್ತದೆ?

ಸಿನಿಮಾದಲ್ಲಿ ಮಗು ಓಡಿಬಂದು ‘ಅಮ್ಮಾ’ ಎಂದು ತಬ್ಬಿಕೊಳ್ಳುತ್ತದೆ. ಮನೆಯಲ್ಲಿ ಮೊದಲ ವಾರ ಅದು ಮಾತೇ ಆಡದಿರಬಹುದು. ಅಥವಾ ಅತಿಯಾಗಿ ಒಳ್ಳೆಯದಾಗಿ ನಡೆದುಕೊಂಡು, ಆಮೇಲೆ ಇದ್ದಕ್ಕಿದ್ದಂತೆ ತಟ್ಟೆ ಎಸೆಯಬಹುದು. ಹಸಿವು ಕಂಡ ಮಕ್ಕಳು ಬಿಸ್ಕತ್ತು, ಚಪಾತಿ ತೆಗೆದು ದಿಂಬಿನ ಕೆಳಗೆ ಮುಚ್ಚಿಡುತ್ತವೆ. ಹತ್ತು ವರ್ಷದ ಹುಡುಗ ಹಾಸಿಗೆಯಲ್ಲಿ ಉಚ್ಚೆ ಮಾಡಬಹುದು. ಇದು ಕಳ್ಳತನವೂ ಅಲ್ಲ, ಮೊಂಡುತನವೂ ಅಲ್ಲ. ಮನೆಯಿಂದ ಮನೆಗೆ ಹೋದ ಮಗು ‘ಇವರೂ ನನ್ನನ್ನು ಕಳಿಸುತ್ತಾರಾ’ ಎಂದು ಪರೀಕ್ಷೆ ಮಾಡುತ್ತಿರುತ್ತದೆ. ಬೈದರೆ, ‘ನಿನ್ನನ್ನು ವಾಪಸ್ ಕಳಿಸಿಬಿಡ್ತೀನಿ’ ಎಂದು ಒಮ್ಮೆ ಹೇಳಿದರೂ ಸಾಕು, ಅದರ ಅನುಮಾನ ನಿಜವಾಗುತ್ತದೆ.

ಚಿಕ್ಕ ಚಿಕ್ಕ ಸಂಗತಿಗಳಲ್ಲೇ ಹೆಚ್ಚು ಕಷ್ಟ. ಕಲಬುರಗಿ ಕಡೆಯ ಮಗುವಿಗೆ ರೊಟ್ಟಿ ಬೇಕು, ನಿಮ್ಮ ಮನೆಯಲ್ಲಿ ದಿನಾ ಅನ್ನ ಸಾರು. ಅದರ ಕನ್ನಡ ಕೇಳಿ ನಿಮ್ಮ ಮಗಳ ಗೆಳತಿಯರು ನಗುತ್ತಾರೆ. ಅಪಾರ್ಟ್‌ಮೆಂಟಿನ ಆಟದ ಜಾಗದಲ್ಲಿ ‘ಇವನು ನಿಮಗೆ ಏನಾಗಬೇಕು?’ ಎಂದು ಯಾರೋ ಮಗುವಿನ ಎದುರೇ ಕೇಳುತ್ತಾರೆ. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗಕ್ಕೆ ಏನು ಬರೆಯುವುದು ಎಂದು ಗುಮಾಸ್ತರು ಸಮಿತಿಯ ಆದೇಶ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಬಾಡಿಗೆ ಮನೆ ಬದಲಿಸಿದರೆ ಘಟಕಕ್ಕೆ ತಿಳಿಸಬೇಕು, ತಿಂಗಳ ಭೇಟಿಗೆ ಬರುವವರು ನಿಮ್ಮನ್ನು ಹುಡುಕಬೇಕಲ್ಲ. ಮಗುವಿನ ಆರೋಗ್ಯದ ದಾಖಲೆ ಇಟ್ಟುಕೊಳ್ಳಬೇಕು, ವೈದ್ಯರ ಬಳಿ ತಪಾಸಣೆಗೆ ಕರೆದೊಯ್ಯುತ್ತಿರಬೇಕು, ಕರೆದಾಗ ತರಬೇತಿಗೆ ಹೋಗಬೇಕು.

ಮತ್ತೆ ಹೆತ್ತವರ ಭೇಟಿ. ಅಮ್ಮ ಬಂದು ಹೋದ ರಾತ್ರಿ ಮಗು ಊಟ ಮಾಡುವುದಿಲ್ಲ, ನಿಮ್ಮ ಮೇಲೆ ಸಿಟ್ಟು ತೋರಿಸುತ್ತದೆ. ಆಗ ‘ಅವಳು ಬಾರದಿದ್ದರೇ ಚೆನ್ನಾಗಿತ್ತು’ ಅನ್ನಿಸುವುದು ಸಹಜ. ಆದರೂ ‘ನಿಮ್ಮಮ್ಮ ಒಳ್ಳೆಯವರು, ನಿನ್ನನ್ನು ನೋಡಲೆಂದೇ ಅಷ್ಟು ದೂರದಿಂದ ಬಂದರು’ ಎಂದು ಹೇಳುವ ಕೆಲಸ ನಿಮ್ಮದೇ. ಪೋಷಕ ತಂದೆ ತಾಯಿಯ ಪಾತ್ರದಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಇದೇ ಎಂದು ನಮಗನ್ನಿಸುತ್ತದೆ. ನೀವು ಪ್ರೀತಿಸುವ ಮಗುವಿನ ಮನಸ್ಸಿನಲ್ಲಿ ಇನ್ನೊಬ್ಬರಿಗೂ ಜಾಗ ಕಾಪಾಡಿಡಬೇಕು.

ಹಣ ಸಿಗುತ್ತದೆಯಾ?

ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪೋಷಕತ್ವಕ್ಕೆ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವು ಇದೆ. ‘ಸರ್ಕಾರ ಸಂಬಳ ಕೊಡುತ್ತದೆ’ ಎಂದು ಒಂದು ಯೂಟ್ಯೂಬ್ ತಲೆಬರಹ ನೋಡಿದೆವು. ಇದು ಸಂಬಳವಲ್ಲ, ಮಗುವಿನ ಖರ್ಚಿಗೆ ಕೊಡುವ ಹಣ. ವೈಟ್‌ಫೀಲ್ಡ್ ಸುತ್ತಮುತ್ತ ಬಹಳಷ್ಟು ಶಾಲೆಗಳ ಒಂದು ತಿಂಗಳ ಫೀಸಿಗೂ ಇದು ಸಾಲದು.

ಆದರೆ ಇದೇ 4,000 ರೂಪಾಯಿ ಇನ್ನೊಂದು ಕಡೆ ದೊಡ್ಡ ವ್ಯತ್ಯಾಸ ಮಾಡುತ್ತದೆ. ಅದೇ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಎಂಬ ಇನ್ನೊಂದು ನೆರವಿದೆ. ಅಪ್ಪ ತೀರಿಕೊಂಡು ಅಮ್ಮನೊಬ್ಬಳೇ ಸಾಕುತ್ತಿದ್ದರೆ, ಅನಾಥ ಮಗು ಅಜ್ಜಿಯ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ಇದ್ದರೆ, ಹೆತ್ತವರಿಗೆ ಮಾರಣಾಂತಿಕ ಕಾಯಿಲೆ ಇದ್ದರೆ, ಮಗು ತನ್ನವರ ಬಳಿಯೇ ಇರಲೆಂದು ತಿಂಗಳಿಗೆ 4,000 ರೂಪಾಯಿ ಕೊಡುವ ವ್ಯವಸ್ಥೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ನಗರದಲ್ಲಿ 96,000 ರೂಪಾಯಿ ಮೀರಿರಬಾರದು. ಕೋವಿಡ್ ಕಾಲದಲ್ಲಿ ಕರ್ನಾಟಕ ಸರ್ಕಾರ 2021ರಲ್ಲಿ ಶುರು ಮಾಡಿದ ಮುಖ್ಯಮಂತ್ರಿ ಬಾಲ ಸೇವಾ ಯೋಜನೆಯೂ ಇದೇ ದಾರಿಯದು. ತಂದೆ ತಾಯಿಯನ್ನು ಕಳೆದುಕೊಂಡ ಮಕ್ಕಳನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 3,500 ರೂಪಾಯಿ.

ಎಷ್ಟೋ ಮಕ್ಕಳಿಗೆ ಬೇಕಾದದ್ದು ಹೊಸ ಅಪ್ಪ ಅಮ್ಮ ಅಲ್ಲ, ಇರುವ ಅಮ್ಮನಿಗೆ ಬಾಡಿಗೆ ಕಟ್ಟುವ ಶಕ್ತಿ. ‘ಈ ಮಗುವನ್ನು ಸಾಕಿ’ ಎಂಬ ಫಾರ್ವರ್ಡ್ ಬಂದಷ್ಟು ಸಲ ‘ಪ್ರಾಯೋಜಕತ್ವಕ್ಕೆ ಅರ್ಜಿ ಹಾಕಲು ಸಹಾಯ ಬೇಕೇ?’ ಎಂಬ ಫಾರ್ವರ್ಡ್ ನಮಗೆ ಒಂದು ಸಲವೂ ಬಂದಿಲ್ಲ.

ಮನೆ ಏಕೆ ಬೇಕು? ಆಶ್ರಮವೇ ಸಾಲದೇ?

ಇದಕ್ಕೆ ವಿಜ್ಞಾನದಲ್ಲಿ ಒಂದು ಪ್ರಸಿದ್ಧ ಉತ್ತರವಿದೆ. ರೊಮೇನಿಯಾದ ರಾಜಧಾನಿ ಬುಕಾರೆಸ್ಟಿನ ಆಶ್ರಮಗಳಲ್ಲಿದ್ದ 136 ಎಳೆಯ ಮಕ್ಕಳನ್ನು ಸಂಶೋಧಕರು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 68 ಮಕ್ಕಳು ಪೋಷಕ ಕುಟುಂಬಗಳಿಗೆ ಹೋದರು, ಉಳಿದ 68 ಮಕ್ಕಳು ಆಗಿನ ವ್ಯವಸ್ಥೆಯಲ್ಲೇ ಮುಂದುವರಿದರು. ನಾಲ್ಕೂವರೆ ವರ್ಷದ ಹೊತ್ತಿಗೆ ಆಶ್ರಮದ ಗುಂಪಿನ ಸರಾಸರಿ ಐಕ್ಯೂ ಸುಮಾರು 73, ಪೋಷಕ ಕುಟುಂಬಗಳಿಗೆ ಹೋದವರದು 81. ಹುಟ್ಟಿನಿಂದ ಸ್ವಂತ ಮನೆಯಲ್ಲೇ ಇದ್ದ ಮಕ್ಕಳದು 109. ಬೇಗ ಮನೆ ಸೇರಿದಷ್ಟೂ ಲಾಭ ಹೆಚ್ಚು. 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇದನ್ನು ನಮ್ಮ ಊರಿಗೆ ನೇರವಾಗಿ ಅನ್ವಯಿಸಲು ಬರುವುದಿಲ್ಲ. ಅಲ್ಲಿನದು ಎಳೆಯ ಕೂಸುಗಳು, ಇಲ್ಲಿ ಪೋಷಕತ್ವಕ್ಕೆ ಬರುವವರು ದೊಡ್ಡ ಮಕ್ಕಳು. ಆಗಿನ ರೊಮೇನಿಯಾದ ಆಶ್ರಮಗಳೂ ಬಹಳ ಕೆಟ್ಟ ಸ್ಥಿತಿಯಲ್ಲಿದ್ದವು. ಆದರೂ ಪಾಳಿ ಬದಲಾದಂತೆ ಬದಲಾಗುವ ಸಿಬ್ಬಂದಿಗಿಂತ ದಿನಾ ಅದೇ ಮುಖ ಕಾಣುವ ಮನೆ ಮಗುವಿಗೆ ಬೇಕು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಕಡಿಮೆ. ಆ ಮೂರನೆಯ ಅಂಕಿಯನ್ನು ಇನ್ನೊಮ್ಮೆ ನೋಡಿ. ಸ್ವಂತ ಮನೆಯಲ್ಲೇ ಇದ್ದವರು ಎಲ್ಲರಿಗಿಂತ ಮುಂದಿದ್ದರು. ಮಗುವನ್ನು ಅದರ ಮನೆಯಿಂದ ಎಬ್ಬಿಸುವ ಮೊದಲು ಸಮಿತಿ ಹತ್ತು ಸಲ ಯೋಚಿಸಬೇಕಾದದ್ದು ಅದಕ್ಕೇ.

ಫಾರ್ವರ್ಡ್ ಬಂದಾಗ ಏನು ಮಾಡುವುದು?

ಮೊದಲು, ಫೋಟೋ ಮುಂದೆ ಕಳಿಸಬೇಡಿ. ಆರೈಕೆ, ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಸಿಗುವ ಏನನ್ನೇ ಆಗಲಿ ಪ್ರಕಟಿಸುವುದನ್ನು ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ಒಳ್ಳೆಯ ಉದ್ದೇಶಕ್ಕೆ ಹಾಕಿದೆ’ ಎಂಬ ವಿನಾಯಿತಿ ಅದರಲ್ಲಿಲ್ಲ. ಕಾನೂನು ಒತ್ತಟ್ಟಿಗಿರಲಿ, ಆ ಹುಡುಗನಿಗೆ ಹದಿನೈದಾದಾಗ ತನ್ನ ಫೋಟೋ ‘ಅನಾಥ’ ಎಂಬ ಬರಹದೊಂದಿಗೆ ಯಾರದೋ ಫೋನಿನಲ್ಲಿ ಕಂಡರೆ?

ಎರಡನೆಯದು, 1098ಕ್ಕೆ ಕರೆ ಮಾಡಿ. ಇದು ಮಕ್ಕಳ ಸಹಾಯವಾಣಿ, ಉಚಿತ, ಹಗಲು ರಾತ್ರಿ ಇರುತ್ತದೆ. ತುರ್ತಾದರೆ 112. ಕೈಬಿಟ್ಟ, ಕಳೆದುಹೋದ, ದಿಕ್ಕಿಲ್ಲದ ಮಗು ನಿಮ್ಮ ಕಣ್ಣೆದುರು ಇದ್ದರೆ 24 ಗಂಟೆಯೊಳಗೆ ತಿಳಿಸುವುದು ಕಾನೂನಿನ ಪ್ರಕಾರ ನಿಮ್ಮ ಕರ್ತವ್ಯವೂ ಹೌದು. ಸಹಾಯವಾಣಿಗೆ, ಪೊಲೀಸ್ ಠಾಣೆಗೆ, ಮಕ್ಕಳ ಕಲ್ಯಾಣ ಸಮಿತಿಗೆ, ಮಕ್ಕಳ ರಕ್ಷಣಾ ಘಟಕಕ್ಕೆ, ಯಾರಿಗಾದರೂ ಸರಿ. ತಾಯಿ ಕೇಳಿಕೊಂಡಳೆಂದು ಪಕ್ಕದ ಮನೆಯವರು ಎರಡು ದಿನ ಊಟ ಹಾಕಿದರೆ ಅದೇನೂ ಅಪರಾಧವಲ್ಲ, ಹೆದರಬೇಡಿ.

ಗುಂಪಿನಲ್ಲಿ ಉತ್ತರಿಸಲು ಒಂದು ಸಂದೇಶ ಕೊಡುತ್ತಿದ್ದೇವೆ. ಬೇಕಾದರೆ ಹಾಗೇ ನಕಲು ಮಾಡಿಕೊಳ್ಳಿ:

‘ದಯವಿಟ್ಟು ಮಕ್ಕಳ ಫೋಟೋ ಮುಂದೆ ಕಳಿಸಬೇಡಿ, ಅದು ಕಾನೂನಿಗೆ ವಿರುದ್ಧ. ನಿಜವಾಗಿ ಸಹಾಯ ಬೇಕಿದ್ದರೆ 1098ಕ್ಕೆ ಕರೆ ಮಾಡೋಣ. ಯಾರಿಗಾದರೂ ಮಗುವನ್ನು ನೋಡಿಕೊಳ್ಳುವ ಮನಸ್ಸಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಪೋಷಕತ್ವಕ್ಕೆ ಹೆಸರು ಕೊಡಬಹುದು.’

ದೊಡ್ಡನೆಕ್ಕುಂದಿಯ ಗುಂಪಿನಲ್ಲಿ ನಮ್ಮವರು ಹಾಕಿದ್ದೂ ಇದನ್ನೇ. ಕೆಲವರಿಗೆ ಸಿಟ್ಟು ಬಂತು, ‘ಸಹಾಯ ಮಾಡುವವರಿಗೂ ಕಾನೂನು ಹೇಳ್ತಾರೆ’ ಎಂದರು. ಒಬ್ಬರು ಗುಂಪು ಬಿಟ್ಟು ಹೋದರು. ಅಷ್ಟರಲ್ಲಿ ಕಾವಲು ಕೆಲಸದ ಹಿರಿಯರೊಬ್ಬರು 1098ಕ್ಕೆ ಕರೆ ಮಾಡಿಯಾಗಿತ್ತು. ಮಕ್ಕಳು ಸಮಿತಿಯ ಮುಂದೆ ಹೋದರು. ಲಿಂಗಸೂಗೂರು ಕಡೆಯಿಂದ ರಾತ್ರಿ ಬಸ್ಸಿಗೆ ಹೊರಟ ಅಜ್ಜಿ ಬೆಳಿಗ್ಗೆ ಬಂದು ತಲುಪಿದರು. ಸಮಿತಿ ವಿಚಾರಿಸಿ ಇಬ್ಬರನ್ನೂ ಅವರ ಜೊತೆ ಕಳಿಸಿತು. ತಾಯಿಗೆ ಪ್ರಾಯೋಜಕತ್ವದ ಅರ್ಜಿ ತುಂಬಿಸಲು ಕೂತವರು ಚಿಕ್ಕವಳನ್ನು ಕೇಳಿದ್ದ ಅದೇ ದಂಪತಿ. ಅದಕ್ಕೆ ಎರಡು ಶನಿವಾರ ಹಿಡಿಯಿತು. ಅಪ್ಪನ ಮರಣ ಪ್ರಮಾಣಪತ್ರ ಊರಿನಲ್ಲಿತ್ತು, ಆದಾಯ ಪ್ರಮಾಣಪತ್ರ ಎಲ್ಲಿಯೂ ಇರಲಿಲ್ಲ. ತಮಗೆ 35 ದಾಟಿದ ಮೇಲೆ ಪೋಷಕತ್ವಕ್ಕೆ ಹೆಸರು ಕೊಡುತ್ತೇವೆ ಎಂದಿದ್ದಾರೆ, ದೊಡ್ಡ ಮಗುವೇ ಆದರೂ ಪರವಾಗಿಲ್ಲವಂತೆ.

ತಾಯಿ ಈಗ ವಾಕರ್ ಹಿಡಿದು ನಡೆಯುತ್ತಾರೆ. ಮೊನ್ನೆ ಅದೇ ಫೋಟೋ ನಮಗೆ ಇನ್ನೊಂದು ಗುಂಪಿನಿಂದ ಮತ್ತೆ ಬಂತು. ಈ ಸಲ ಊರು ಹೊಸಪೇಟೆ ಎಂದಿತ್ತು, ಫೋನ್ ನಂಬರ್ ಬೇರೆ ಇತ್ತು.